ತಾಯಿ ಬಾತು ಹೋಯಿತು, 11 ಮೊಟ್ಟೆ ಕಾವಿನಲ್ಲಿ ಉಂಟು. ಎಂತ ಮಾಡುವುದು?

ಹೊಳೆಬದಿ_ಕೆಮ್ಮಣ್ಣು · ಜುಲೈ 3, ಬೆಳಿಗ್ಗೆ 7:50
ಎಲ್ಲರಿಗೂ ನಮಸ್ಕಾರ. ತುಂಬಾ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಬಾತಿನ ಗೂಡಿನ ಹಿಂದಿನ ಹಲಗೆ ಮಳೆಗೆ ಕುಂಬಾಗಿತ್ತು. ರಾತ್ರಿ ಯಾವುದೋ ಪ್ರಾಣಿ ಅದನ್ನು ಮುರಿದು ಒಳಗೆ ಬಂದಿದೆ. ಬೆಳಿಗ್ಗೆ ನೋಡಿದರೆ ತೋಡಿನವರೆಗೂ ಪುಕ್ಕ ಬಿದ್ದಿದೆ, ತಾಯಿ ಬಾತು ಇಲ್ಲ. ಮೊಟ್ಟೆ ಮಾತ್ರ ಒಂದೂ ಒಡೆದಿಲ್ಲ. ಮುಟ್ಟಿದಾಗ ಇನ್ನೂ ಸ್ವಲ್ಪ ಬಿಸಿ ಇತ್ತು.

ಅದು ಕಾವಿಗೆ ಕೂತದ್ದು ಜೂನ್ 17ಕ್ಕೆ. ಅತ್ತೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದರು. ಅಂದರೆ ಇವತ್ತಿಗೆ 16 ದಿನ. ಮೊಟ್ಟೆಗಳನ್ನು ಮೀನಿನ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಇಟ್ಟಿದ್ದೇನೆ. ಮೇಲೆ 40 ವ್ಯಾಟಿನ ಹಳೆ ಬಲ್ಬು ತೂಗುಹಾಕಿದ್ದೇನೆ. ಮರಿ ಮಾಡಿಸಬಹುದಾ? ಮಗಳು ಬೆಳಿಗ್ಗೆಯಿಂದ ಪೆಟ್ಟಿಗೆ ಬಿಟ್ಟು ಏಳುತ್ತಿಲ್ಲ.

ಶಿರ್ವ_ಹಟ್ಟಿ · 8:05
ಖಂಡಿತ ಆಗುತ್ತದೆ ಅಕ್ಕ. ಮೊದಲು ಥರ್ಮಾಮೀಟರ್ ತನ್ನಿ. ಸುಮ್ನೆ ಕೈ ಇಟ್ಟು ಅಂದಾಜು ಮಾಡಬೇಡಿ. ಫ್ಯಾನ್ ಇಲ್ಲದ ಪೆಟ್ಟಿಗೆ ಆದರೆ ಮೊಟ್ಟೆಯ ಮೇಲ್ಮೈ ಹತ್ತಿರ 38.3 ಡಿಗ್ರಿ ಸೆಲ್ಸಿಯಸ್ ಬರಬೇಕು. ಕಂಪ್ಯೂಟರಿನ ಚಿಕ್ಕ ಫ್ಯಾನ್ ಸಿಕ್ಕಿದರೆ ಒಳಗೆ ಇಡಿ, ಆಗ 37.5 ಸಾಕು. ಬಿಸಿ ಕಮ್ಮಿ ಆದರೆ ಸ್ವಲ್ಪ ಹೊತ್ತು ತಡೆಯುತ್ತದೆ. 40 ದಾಟಿದರೆ ಮರಿ ಒಳಗೇ ಸಾಯುತ್ತದೆ. ಪೆಟ್ಟಿಗೆಗೆ ನಾಲ್ಕು ತೂತು ಮಾಡಿ, ಒಳಗಿನ ಜೀವಕ್ಕೆ ಗಾಳಿ ಬೇಕು.

ಬೆಳ್ಮಣ್_ಬೈಲು · 8:20
ಪೆಟ್ಟಿಗೆ ಬಲ್ಬು ಎಂತಕ್ಕೆ? ನೆರೆಮನೆಯಲ್ಲಿ ಕಾವಿಗೆ ಕೂತ ಹೇಂಟೆ ಇಲ್ವಾ ಕೇಳಿ. ನಮ್ಮ ಅಮ್ಮನ ಕಾಲದಿಂದ ಬಾತು ಮೊಟ್ಟೆ ಕೋಳಿಯ ಅಡಿಯಲ್ಲೇ ಇಡುವುದು. ಕೋಳಿಗೆ ಕರೆಂಟ್ ಬೇಡ.

ಮಲ್ಪೆ_ಬೋಟ್ · 8:24
ಕರೆಂಟಿನ ವಿಷಯ ಸರಿ. ಈ ಮಳೆಯಲ್ಲಿ ಬಲ್ಬು ನಂಬಿ ಕೂತರೆ ಕಷ್ಟ. ಬಾಟಲಿಯಲ್ಲಿ ಬಿಸಿನೀರು ತುಂಬಿಸಿ ಬಟ್ಟೆ ಸುತ್ತಿ ಇಟ್ಟುಕೊಳ್ಳಿ. ಕರೆಂಟ್ ಹೋದ ಕೂಡಲೇ ಪೆಟ್ಟಿಗೆ ಒಳಗೆ ಇಡಿ, ಮುಚ್ಚಳ ತೆರೆಯಬೇಡಿ. ಎರಡು ಗಂಟೆ ದೂಡಬಹುದು.

ಶಿರ್ವ_ಹಟ್ಟಿ · 8:31
ಬೆಳ್ಮಣ್ ಅಕ್ಕ ಹೇಳಿದ್ದು ಒಳ್ಳೆಯದೇ. ಆದರೆ ಕೋಳಿ ಮೊಟ್ಟೆ 21 ದಿನಕ್ಕೆ ಮರಿ ಆಗುತ್ತದೆ, ಬಾತಿನದ್ದು 28 ದಿನ. ಕೆಲವು ಹೇಂಟೆ ಮೂರು ವಾರ ಆದ ಮೇಲೆ ಎದ್ದು ಹೋಗುತ್ತದೆ. ಇಲ್ಲಿ 16 ದಿನ ಆಗಲೇ ಕಳೆದಿದೆ, ಹಾಗಾಗಿ ತೊಂದರೆ ಇಲ್ಲ. ಒಂದು ಹೇಂಟೆಯ ಅಡಿಗೆ ಬಾತು ಮೊಟ್ಟೆ ಆರೇಳಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ.

ಹೊಳೆಬದಿ_ಕೆಮ್ಮಣ್ಣು · ಜುಲೈ 3, ರಾತ್ರಿ 9:40
ಎಲ್ಲರಿಗೂ ಉಪಕಾರವಾಯಿತು. ರಾತ್ರಿ ಕತ್ತಲಲ್ಲಿ ಟಾರ್ಚ್ ಹಿಡಿದು ಒಂದೊಂದೇ ಮೊಟ್ಟೆ ನೋಡಿದೆವು. ಒಂಬತ್ತರಲ್ಲಿ ರಕ್ತನಾಳ ಚೆನ್ನಾಗಿ ಕಂಡಿತು. ಒಳಗೆ ಕಪ್ಪು ನೆರಳು ಅಲುಗಾಡಿತು. ಮಗಳು ಕಿರುಚಿಯೇ ಬಿಟ್ಟಳು. ಒಂದು ಪೂರಾ ತಿಳಿಯಾಗಿತ್ತು, ಗೊಡ್ಡು ಇರಬೇಕು. ಇನ್ನೊಂದರಲ್ಲಿ ಕೆಂಪು ಉಂಗುರದ ಹಾಗೆ ಒಂದು ಗೆರೆ ಮಾತ್ರ ಇತ್ತು.

ಪಕ್ಕದ ಮನೆಯಲ್ಲಿ ನಾಲ್ಕು ದಿನದ ಹಿಂದೆ ಕಾವಿಗೆ ಕೂತ ಹೇಂಟೆ ಸಿಕ್ಕಿತು. ಐದು ಮೊಟ್ಟೆ ಅದಕ್ಕೆ ಕೊಟ್ಟೆವು. ನಾಲ್ಕು ಪೆಟ್ಟಿಗೆಯಲ್ಲಿ ಉಂಟು.

ಹಳ್ಳಿ_ಡಾಕ್ಟ್ರು · 9:58
ಕೆಂಪು ಉಂಗುರ ಕಂಡರೆ ಮರಿ ಮೊದಲೇ ಸತ್ತಿದೆ ಎಂದು ಅರ್ಥ. ಆ ಎರಡನ್ನೂ ತೆಗೆದುಬಿಡಿ. ಕೊಳೆತ ಮೊಟ್ಟೆ ಒಡೆದರೆ ಉಳಿದವಕ್ಕೂ ಸೋಂಕು ತಗಲುತ್ತದೆ. ಮೊಟ್ಟೆಗೆ ಕೊಳೆ ಹಿಡಿದಿದೆ ಎಂದು ತೊಳೆಯಬೇಡಿ. ಚಿಪ್ಪಿನ ಮೇಲಿನ ತೆಳು ಪದರ ಹೋದರೆ ರೋಗಾಣು ಒಳಗೆ ಇಳಿಯುತ್ತದೆ.

ಬೆಳ್ಮಣ್_ಬೈಲು · 10:10
ಕೋಳಿಗೆ ರಾತ್ರಿಯೇ ಕೊಟ್ಟಿರಲ್ಲ, ಒಳ್ಳೆಯದಾಯಿತು. ಹಗಲಲ್ಲಿ ಇಟ್ಟರೆ ಕೆಲವು ಕುಕ್ಕಿ ಹೊರಗೆ ತಳ್ಳುತ್ತವೆ. ದಿನಕ್ಕೆ ಒಮ್ಮೆ ಅದು ತಿನ್ನಲು ಎದ್ದಾಗ ಮೊಟ್ಟೆಗಳ ಮೇಲೆ ಉಗುರುಬೆಚ್ಚಗಿನ ನೀರು ಚಿಮುಕಿಸಿ. ಬಾತು ಕೆರೆಯಿಂದ ಒದ್ದೆ ಹೊಟ್ಟೆಯಲ್ಲಿ ಬಂದು ಕೂರುತ್ತದೆ. ಕೋಳಿ ಒಣಗಿಯೇ ಕೂರುತ್ತದೆ ಅಲ್ವಾ.

ಮೇಷ್ಟ್ರು_ಬ್ರಹ್ಮಾವರ · ಜುಲೈ 4, ಬೆಳಿಗ್ಗೆ 6:15
ಪೆಟ್ಟಿಗೆ ಒಳಗೆ ನೀರಿನ ಬಟ್ಟಲು ಇಟ್ಟಿದ್ದೀರಾ? ಮೊದಲ ವಾರಗಳಲ್ಲಿ ಶೇಕಡಾ 55ರಿಂದ 60 ತೇವ ಬೇಕು. ಕೊನೆಯ ಮೂರು ದಿನ 70ರ ಆಸುಪಾಸು.

ಕಾರ್ಕಳ_ಕಲ್ಲು · 6:40
ಮೇಷ್ಟ್ರೇ, ಹೊರಗೆ ಧೋ ಎಂದು ಮಳೆ. ಗಾಳಿಯಲ್ಲೇ ಶೇಕಡಾ 90 ತೇವ ಉಂಟು. ಇನ್ನು ನೀರು ಬೇರೆ ಇಟ್ಟರೆ ಮರಿ ಒಳಗೇ ಮುಳುಗುತ್ತದೆ. ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ!

ಮೇಷ್ಟ್ರು_ಬ್ರಹ್ಮಾವರ · 7:02
ಎಲ್ಲರೂ ಇಲ್ಲೇ ತಪ್ಪುವುದು. ಗಾಳಿ ಬಿಸಿಯಾದ ಹಾಗೆ ಅದಕ್ಕೆ ನೀರು ಹಿಡಿಯುವ ಶಕ್ತಿ ಹೆಚ್ಚುತ್ತದೆ. 27 ಡಿಗ್ರಿಯಲ್ಲಿ ಶೇಕಡಾ 90 ತೇವ ಇರುವ ಗಾಳಿಯನ್ನು 37.5ಕ್ಕೆ ಕಾಯಿಸಿ. ಅದೇ ಗಾಳಿಯಲ್ಲಿ ತೇವ ಶೇಕಡಾ 50ಕ್ಕೆ ಇಳಿದಿರುತ್ತದೆ. ನೀರು ಎಲ್ಲಿಗೂ ಹೋಗಿಲ್ಲ, ಲೆಕ್ಕ ಬದಲಾಯಿತು ಅಷ್ಟೇ. ಹಾಗಾಗಿ ಮಳೆಗಾಲದಲ್ಲೂ ಒಂದು ಸಣ್ಣ ಬಟ್ಟಲು ನೀರು ಬೇಕು. ಡಿಸೆಂಬರಿನಲ್ಲಿ ಆದರೆ ಇನ್ನೂ ಅಗಲದ ಬಟ್ಟಲು.

ಅಗ್ಗದ ತೇವಮಾಪಕ ಎಷ್ಟು ಸರಿ ಎಂದು ಮನೆಯಲ್ಲೇ ನೋಡಬಹುದು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ನಾಲ್ಕು ಹನಿ ನೀರು ಬಿಟ್ಟು ಕೆಸರಿನ ಹಾಗೆ ಮಾಡಿ. ಮಾಪಕದ ಜೊತೆ ಬಿಗಿಯಾದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಶೇಕಡಾ 75 ತೋರಿಸಬೇಕು. ಎಷ್ಟು ವ್ಯತ್ಯಾಸ ಬಂತೋ ಅಷ್ಟು ಕೂಡಿಸಿ, ಕಳೆಯಿರಿ.

ಕಾರ್ಕಳ_ಕಲ್ಲು · 7:15
ಇದು ಗೊತ್ತಿರಲಿಲ್ಲ. ಕಳೆದ ವರ್ಷ ಆಟಿ ತಿಂಗಳ ಮಳೆಯಲ್ಲಿ ಒಂದು ಹನಿ ನೀರೂ ಇಡದೆ ಎಂಟು ಮೊಟ್ಟೆಯಲ್ಲಿ ಆರು ಹಾಳಾಯಿತು. ಮರಿ ಪೂರ್ತಿ ಬೆಳೆದಿತ್ತು, ಪೊರೆಗೆ ಅಂಟಿಕೊಂಡು ಸತ್ತಿತ್ತು. ಈಗ ಕಾರಣ ಗೊತ್ತಾಯಿತು.

ಮೇಷ್ಟ್ರು_ಬ್ರಹ್ಮಾವರ · 7:21
ಬೇಸರ ಆಯಿತು ಕೇಳಿ. ಇನ್ನೂ ಖಾತ್ರಿ ಬೇಕಾದರೆ ಮೊಟ್ಟೆ ತೂಗಿ. ಹೊರಬರುವ ಮೂರು ದಿನ ಮೊದಲು ಶೇಕಡಾ 13ರಷ್ಟು ತೂಕ ಇಳಿದಿರಬೇಕು. 70 ಗ್ರಾಂ ಇದ್ದದ್ದು 61 ಗ್ರಾಂ ಆಗಬೇಕು.

ಶಿರ್ವ_ಹಟ್ಟಿ · 7:30
ಅಕ್ಕನ ಹತ್ತಿರ ಮೊದಲ ದಿನದ ತೂಕ ಎಲ್ಲಿಂದ ಬರಬೇಕು ಮೇಷ್ಟ್ರೇ? ಟಾರ್ಚ್ ಹಿಡಿದು ಅಗಲದ ತುದಿಯ ಗಾಳಿ ಚೀಲಕ್ಕೆ ಪೆನ್ಸಿಲ್ ಗೆರೆ ಹಾಕಲಿ. ವಾರ ವಾರ ಅದು ದೊಡ್ಡದಾಗುತ್ತಾ ಬಂದರೆ ಸಾಕು. ಪೆಟ್ಟಿಗೆಯ ನಾಲ್ಕನ್ನು ದಿನಕ್ಕೆ ಐದು ಸಲ ತಿರುಗಿಸಿ ಅಕ್ಕ. ಒಂದು ಕಡೆ ಗುಣಿಸು ಗುರುತು, ಇನ್ನೊಂದು ಕಡೆ ಸೊನ್ನೆ ಬರೆದುಕೊಳ್ಳಿ. 25ನೇ ದಿನಕ್ಕೆ ತಿರುಗಿಸುವುದು ನಿಲ್ಲಿಸಿ.

ಸುರತ್ಕಲ್_ಫ್ಲಾಟ್ · ಜುಲೈ 6
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಮೂಲವ್ಯಾಧಿಗೆ ಬಾತು ಮೊಟ್ಟೆ ಒಳ್ಳೆಯದು ಎನ್ನುತ್ತಾರೆ. ಅಪ್ಪನಿಗೆ ಬೇಕಿತ್ತು. ಉಡುಪಿ ಕಡೆ ತಾಜಾ ಮೊಟ್ಟೆ ಎಲ್ಲಿ ಸಿಗುತ್ತದೆ?

ಹಳ್ಳಿ_ಡಾಕ್ಟ್ರು · ಜುಲೈ 6
ನಾನು ಪ್ರಾಣಿಗಳ ಡಾಕ್ಟ್ರು, ಆದರೂ ಹೇಳುತ್ತೇನೆ. ಅಪ್ಪನಿಗೆ ರಕ್ತ ಹೋಗುತ್ತಿದ್ದರೆ ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮೊಟ್ಟೆ ಆಮೇಲೆ ತಿನ್ನಲಿ. ಅದನ್ನೂ ಪೂರ್ತಿ ಬೇಯಿಸಿ ಕೊಡಿ. ಹಸಿ ಬಾತು ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎನ್ನುವ ರೋಗಾಣು ಇರಬಹುದು.

ಕಿನ್ನಿಗೋಳಿ_ಅಮ್ಮ · ಜುಲೈ 6
ನಮ್ಮಲ್ಲಿ ಕ್ರಿಸ್‌ಮಸ್‌ಗೆ ಬಾತು ಸಾಕುತ್ತೇವೆ. ಮೊಟ್ಟೆ ಉಂಟು, ಆದರೆ ಸುರತ್ಕಲ್‌ನಿಂದ ಇಷ್ಟು ದೂರ ಬರಬೇಕಲ್ಲ. ನಿಮ್ಮಲ್ಲೇ ವಾರದ ಸಂತೆಯಲ್ಲಿ ಒಮ್ಮೆ ವಿಚಾರಿಸಿ ನೋಡಿ.

ಹೊಳೆಬದಿ_ಕೆಮ್ಮಣ್ಣು · ಜುಲೈ 15, ಸಂಜೆ 6:30
ಇವತ್ತಿಗೆ 28 ದಿನ. 12ನೇ ತಾರೀಕಿನಿಂದ ತಿರುಗಿಸುವುದು ನಿಲ್ಲಿಸಿದ್ದೇನೆ. ನೀರಿನ ಬಟ್ಟಲೂ ಎರಡು ಮಾಡಿದ್ದೇನೆ. ಕೋಳಿಯ ಅಡಿಯಲ್ಲೂ ಇಲ್ಲ, ಪೆಟ್ಟಿಗೆಯಲ್ಲೂ ಇಲ್ಲ. ಒಂದು ಬಿರುಕು ಕೂಡ ಬಂದಿಲ್ಲ. ಮಗಳು ಅಳುತ್ತಿದ್ದಾಳೆ.

ಕಾರ್ಕಳ_ಕಲ್ಲು · 6:44
ಇನ್ನೆರಡು ದಿನ ನೋಡಿ ಬಿಸಾಡುವುದೇ ಒಳ್ಳೆಯದು. ಒಡೆದರೆ ಮನೆಯಿಡೀ ವಾಸನೆ.

ಹೆಬ್ರಿ_ಗುಡ್ಡೆ · 6:50
ಬೆಚ್ಚಗಿನ ನೀರಲ್ಲಿ ತೇಲಿಸಿ ನೋಡಿ. ಒಳಗೆ ಜೀವ ಇದ್ದರೆ ಮೊಟ್ಟೆ ಅಲ್ಲಾಡುತ್ತದೆ.

ಶಿರ್ವ_ಹಟ್ಟಿ · 6:52
ಬಿಸಾಡಬೇಡಿ! ನೀರಿಗೂ ಹಾಕಬೇಡಿ! ಕಣ್ಣಿಗೆ ಕಾಣದ ಬಿರುಕು ಇದ್ದರೆ ನೀರು ಒಳಗೆ ಹೋಗುತ್ತದೆ. ಟಾರ್ಚ್ ಹಿಡಿದರೆ ಸಾಕು. ಅಕ್ಕ, ಒಂದು ಪ್ರಶ್ನೆ. ತಾಯಿ ಬಾತಿನ ಕಣ್ಣಿನ ಸುತ್ತ ಕೆಂಪು ಮಾಂಸದ ಗಂಟು ಇತ್ತಾ? ಕ್ವಾಕ್ ಕ್ವಾಕ್ ಎಂದು ಕೂಗುತ್ತಿತ್ತಾ?

ಹೊಳೆಬದಿ_ಕೆಮ್ಮಣ್ಣು · 7:01
ಇತ್ತು! ಬಿಳಿ ಮೈ, ಅಲ್ಲಲ್ಲಿ ಕಪ್ಪು, ಮುಖ ಎಲ್ಲ ಕೆಂಪು. ಕೂಗುವುದೇ ಇಲ್ಲ. ಮೆಲ್ಲಗೆ ಏನೋ ಗುನುಗುತ್ತಿತ್ತು. ಗಂಡು ಕೂಡ ಹಾಗೆಯೇ. ಅದು ಬುಸ್ ಬುಸ್ ಎನ್ನುತ್ತದೆ. ಕಾಸರಗೋಡಿನ ಚಿಕ್ಕಪ್ಪ ತಂದುಕೊಟ್ಟದ್ದು.

ಶಿರ್ವ_ಹಟ್ಟಿ · 7:04
ಅದು ಮಸ್ಕೋವಿ. ಅದಕ್ಕೆ 28 ದಿನ ಅಲ್ಲ, 35 ದಿನ ಬೇಕು. ಜುಲೈ 22ಕ್ಕೆ ನೋಡಿ. ಮೊದಲ ದಿನವೇ ಇದನ್ನು ಕೇಳಬೇಕಿತ್ತು. ನಾನು ಕೇಳದೆ 28 ಎಂದು ಬರೆದೆ, ತಪ್ಪು ನನ್ನದು. ಉಳಿದ ಸಾಕು ಬಾತುಗಳೆಲ್ಲ 28 ದಿನದವು. ಇದು ಬೇರೆಯೇ ಜಾತಿ. ಎರಡೂ ಕೂಡಿ ಹುಟ್ಟಿದ ಮರಿಗೆ ಮುಂದೆ ಸಂತಾನವೂ ಆಗುವುದಿಲ್ಲ.

ಈಗಲೇ ಮತ್ತೆ ತಿರುಗಿಸಲು ಶುರು ಮಾಡಿ, 19ರವರೆಗೆ. ಹೆಚ್ಚಿನ ನೀರಿನ ಬಟ್ಟಲು ತೆಗೆಯಿರಿ. ಮೂರು ದಿನ ತಿರುಗಿಸದೆ ಇದ್ದದ್ದಕ್ಕೆ ಹೆದರಬೇಡಿ. ಮೊದಲ ಎರಡು ವಾರ ತಿರುಗಿಸುವುದೇ ಮುಖ್ಯ, ಆಗ ತಾಯಿಯೇ ನೋಡಿಕೊಂಡಿತ್ತು. ದಿನಕ್ಕೆ ಒಮ್ಮೆ ಹತ್ತು ಹದಿನೈದು ನಿಮಿಷ ಮುಚ್ಚಳ ತೆಗೆದು ಆರಲು ಬಿಡಿ. ತಾಯಿ ಎದ್ದು ಹೋಗುವುದಿಲ್ವಾ, ಹಾಗೆ.

ಬೆಳ್ಮಣ್_ಬೈಲು · 7:20
ಅಬ್ಬಾ, ಸದ್ಯ ಬಿಸಾಡಲಿಲ್ಲ. ಕಾರ್ಕಳದವರೇ, ಇನ್ನು ಯಾರಿಗೂ ಅವಸರದಲ್ಲಿ ಬಿಸಾಡಿ ಎಂದು ಹೇಳಬೇಡಿ ಮಾರಾಯ್ರೆ.

ಕಾರ್ಕಳ_ಕಲ್ಲು · 7:26
ಒಪ್ಪಿದೆ ಅಕ್ಕ. ಮಗುವಿಗೂ ಹೇಳಿ, ಇನ್ನೊಂದು ವಾರ ಅಷ್ಟೇ.

ಹೊಳೆಬದಿ_ಕೆಮ್ಮಣ್ಣು · 8:30
ಒಂಬತ್ತನ್ನೂ ಟಾರ್ಚ್ ಹಿಡಿದು ನೋಡಿದೆ. ಒಳಗೆಲ್ಲ ಕಪ್ಪು ತುಂಬಿದೆ, ಅಗಲದ ತುದಿಯಲ್ಲಿ ಮಾತ್ರ ಬೆಳಕು. ಎರಡರಲ್ಲಿ ಕದಲಿದ್ದು ಕಂಡಿತು. ಈಗ ಊಟ ಮಾಡುತ್ತೇವೆ.

ಹೊಳೆಬದಿ_ಕೆಮ್ಮಣ್ಣು · ಜುಲೈ 22, ಬೆಳಿಗ್ಗೆ 5:50
ಕೋಳಿಯ ಅಡಿಯಿಂದ ಪೀ ಪೀ ಎಂದು ಕೇಳುತ್ತಿದೆ! ಪೆಟ್ಟಿಗೆಯ ಒಂದು ಮೊಟ್ಟೆಯಲ್ಲಿ ನಕ್ಷತ್ರದ ಹಾಗೆ ಬಿರುಕು ಬಂದಿದೆ!

ಹೊಳೆಬದಿ_ಕೆಮ್ಮಣ್ಣು · ಜುಲೈ 23, ಬೆಳಿಗ್ಗೆ 6:10
ಕೋಳಿಯದ್ದು ಎರಡು ಹೊರಬಂದವು. ಪೆಟ್ಟಿಗೆಯಲ್ಲಿ ಆ ಬಿರುಕು 24 ಗಂಟೆಯಿಂದ ಹಾಗೆಯೇ ಉಂಟು. ಒಳಗಿನಿಂದ ಸಣ್ಣ ಸ್ವರ ಬರುತ್ತಿದೆ. ಚಿಪ್ಪು ಸ್ವಲ್ಪ ಬಿಡಿಸಲಾ?

ಕಿನ್ನಿಗೋಳಿ_ಅಮ್ಮ · 6:15
ಬೇಡ. ಕೈ ಹಾಕಬೇಡಿ. ನಾನು ಒಮ್ಮೆ ಪಾಪ ಕಂಡು ಚಿಪ್ಪು ಬಿಡಿಸಿದೆ. ಪೊರೆಯಿಂದ ರಕ್ತ ಬಂದು ಕೈಯಲ್ಲೇ ಹೋಯಿತು. ಇವತ್ತಿಗೂ ನೆನಪಾದರೆ ಸಂಕಟ ಆಗುತ್ತದೆ.

ಹೆಬ್ರಿ_ಗುಡ್ಡೆ · 6:22
ನನ್ನದು ತದ್ವಿರುದ್ಧ. ಕಾಯಿರಿ ಕಾಯಿರಿ ಎಂದು ಎಲ್ಲರೂ ಹೇಳಿದರು. ಎರಡು ದಿನ ಕಾದೆ. ಪೊರೆ ಒಣಗಿ ಕಾಗದದ ಹಾಗೆ ಬಿಗಿದು ಮರಿ ಒಳಗೇ ಸತ್ತಿತು. ಎಲ್ಲದಕ್ಕೂ ಕಾಯುವುದು ಸರಿಯಲ್ಲ.

ಕಿನ್ನಿಗೋಳಿ_ಅಮ್ಮ · 6:25
ನಿಮ್ಮದು ತೇವ ಕಮ್ಮಿ ಆಗಿ ಹೋದದ್ದು. ಅದು ಕಾದದ್ದರ ತಪ್ಪು ಹೇಗೆ ಆಗುತ್ತದೆ?

ಹಳ್ಳಿ_ಡಾಕ್ಟ್ರು · 6:41
ಇಬ್ಬರು ಹೇಳುವುದರಲ್ಲೂ ನಿಜ ಉಂಟು. ಒಳಗೆ ಈಗ ಎಂತ ನಡೆಯುತ್ತಿದೆ ಎಂದು ಹೇಳುತ್ತೇನೆ. ಮರಿ ಮೊದಲು ಗಾಳಿ ಚೀಲಕ್ಕೆ ಕೊಕ್ಕು ಹಾಕಿ ಉಸಿರಾಡಲು ಕಲಿಯುತ್ತದೆ. ಆಮೇಲೆ ಚಿಪ್ಪು ಒಡೆಯುತ್ತದೆ. ಅಲ್ಲಿಂದ ಸುಮ್ಮನೆ ಮಲಗಿದ ಹಾಗೆ ಕಾಣುತ್ತದೆ. ಆ ಹೊತ್ತಿನಲ್ಲಿ ಪೊರೆಯ ರಕ್ತವೆಲ್ಲ ಮೈಗೆ ಹಿಂದಿರುಗುತ್ತದೆ, ಉಳಿದ ಹಳದಿ ಭಾಗ ಹೊಟ್ಟೆಯೊಳಗೆ ಸೇರುತ್ತದೆ. ಇದು ಮುಗಿಯುವ ಮೊದಲು ಎಳೆದರೆ ಸಾಯುತ್ತದೆ. ಬಾತಿಗೆ ಬಿರುಕು ಬಿಟ್ಟಲ್ಲಿಂದ 48 ಗಂಟೆ ಆದರೂ ಆಶ್ಚರ್ಯ ಇಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಪೆಟ್ಟಿಗೆಯ ಮೂಲೆಗೆ ಇಡಿ. ಮುಚ್ಚಳ ಪದೇ ಪದೇ ತೆರೆಯಬೇಡಿ. ಬಿರುಕಿನಲ್ಲಿ ಕಾಣುವ ಪೊರೆ ಬಿಳಿಯಾಗಿ ಒದ್ದೆ ಇದ್ದರೆ ಬಿಟ್ಟುಬಿಡಿ. ಕಂದು ಬಣ್ಣಕ್ಕೆ ತಿರುಗಿ ಒಣಗಿದ್ದರೆ ಹತ್ತಿಯಿಂದ ಬೆಚ್ಚಗಿನ ನೀರು ಸವರಿ, ಕೊಕ್ಕಿನ ಮೂಗಿಗೆ ತಾಗದ ಹಾಗೆ. ರಕ್ತನಾಳ ಕಂಡರೆ ಅಲ್ಲಿಗೇ ನಿಲ್ಲಿಸಿ.

ಹೊಳೆಬದಿ_ಕೆಮ್ಮಣ್ಣು · 7:00
ಪೊರೆ ಬಿಳಿ ಉಂಟು. ಬಟ್ಟೆ ಇಟ್ಟು ಮುಚ್ಚಿದೆ. ಇನ್ನು ತೆರೆಯುವುದಿಲ್ಲ.

ಹೊಳೆಬದಿ_ಕೆಮ್ಮಣ್ಣು · ಜುಲೈ 23, ರಾತ್ರಿ 8:15
ಬಂತು! 38 ಗಂಟೆ ಹಿಡಿಯಿತು. ತಾನಾಗಿ ಚಿಪ್ಪಿನ ಸುತ್ತ ಕತ್ತರಿಸಿಕೊಂಡು ಬಂತು. ನೆನೆದ ಹತ್ತಿಯ ಉಂಡೆಯ ಹಾಗೆ ಬಿದ್ದುಕೊಂಡಿದೆ. ಅತ್ತೆ ದೇವರಿಗೆ ದೀಪ ಇಟ್ಟರು.

ಹೊಳೆಬದಿ_ಕೆಮ್ಮಣ್ಣು · ಜುಲೈ 25
ಒಟ್ಟು ಏಳು. ಕೋಳಿಯ ಐದರಲ್ಲಿ ನಾಲ್ಕು, ಪೆಟ್ಟಿಗೆಯ ನಾಲ್ಕರಲ್ಲಿ ಮೂರು. ಪೆಟ್ಟಿಗೆಯ ಕೊನೆಯದ್ದು ಬಿರುಕು ಬಿಟ್ಟು ನಿಂತುಹೋಯಿತು. ಉಳಿದ ಮರಿಗಳನ್ನು ತೆಗೆಯಲು ನಾನು ಎರಡು ಮೂರು ಸಲ ಮುಚ್ಚಳ ತೆರೆದಿದ್ದೆ. ಅದಕ್ಕೇ ಪೊರೆ ಒಣಗಿತು ಎಂದು ಅನಿಸುತ್ತದೆ. ತೋಟದಲ್ಲಿ ಬಾಳೆ ಬುಡಕ್ಕೆ ಹೂತೆವು.

ಈಗ ಎಂತ ತಿನ್ನಿಸಬೇಕು? ಪೆಟ್ಟಿಗೆಯ ಮೂರು ಇನ್ನೂ ಏನೂ ಮುಟ್ಟಿಲ್ಲ.

ಶಿರ್ವ_ಹಟ್ಟಿ · ಜುಲೈ 25
ಮರಿಗಳು ಪೂರ್ತಿ ಒಣಗುವವರೆಗೆ ಒಳಗೇ ಇರಬಹುದು ಅಕ್ಕ, ಅವಸರ ಇಲ್ಲ. ಹೊಟ್ಟೆಯಲ್ಲಿ ಹಳದಿ ಭಾಗ ಇರುವುದರಿಂದ ಒಂದೂವರೆ ದಿನ ಆಹಾರ ಇಲ್ಲದೆ ಇರುತ್ತವೆ. ಮೊದಲು ನೀರು ತೋರಿಸಿ. ಬಟ್ಟಲು ಮೂಗಿನ ತೂತು ಮುಳುಗುವಷ್ಟು ಆಳ ಇರಲಿ, ಕಣ್ಣು ಮೂಗು ತೊಳೆದುಕೊಳ್ಳಬೇಕು. ಮೈ ಮುಳುಗಬಾರದು. ಒಳಗೆ ಹೊಳೆಯ ಕಲ್ಲು ಹಾಕಿ.

ನೆಲಕ್ಕೆ ಪೇಪರ್ ಹಾಸಬೇಡಿ, ಕಾಲು ಜಾರಿ ಅಗಲ ಆಗುತ್ತದೆ. ಗೋಣಿ ಹಾಸಿ. ಮೊದಲ ವಾರ 32 ಡಿಗ್ರಿ ಬಿಸಿ, ಮತ್ತೆ ವಾರಕ್ಕೆ ಮೂರು ಡಿಗ್ರಿ ಕಮ್ಮಿ ಮಾಡಿ. ಮರಿ ಗುಂಪಾಗಿ ಬಲ್ಬಿನ ಅಡಿ ಒತ್ತಿಕೊಂಡರೆ ಚಳಿ. ಬಾಯಿ ಬಿಟ್ಟು ದೂರ ಓಡಿದರೆ ಸೆಕೆ.

ಬೆಳ್ಮಣ್_ಬೈಲು · ಜುಲೈ 25
ಆ ಮೂರನ್ನೂ ಇವತ್ತು ರಾತ್ರಿ ಮೆಲ್ಲ ಹೇಂಟೆಯ ಅಡಿಗೆ ತಳ್ಳಿ. ಬೆಳಿಗ್ಗೆ ಎದ್ದು ಏಳೂ ತನ್ನದೇ ಎಂದುಕೊಳ್ಳುತ್ತದೆ. ಕುಚ್ಚಲಕ್ಕಿ ಅನ್ನ ಮೆತ್ತಗೆ ಬೇಯಿಸಿ ಹಿಸುಕಿ ಕೊಡಿ, ತೌಡು ಬೆರೆಸಿ.

ಹಳ್ಳಿ_ಡಾಕ್ಟ್ರು · ಜುಲೈ 25
ಅನ್ನ ತೌಡು ಮಾತ್ರ ಸಾಲದು ಅಕ್ಕ. ಬಾತು ಮರಿಗೆ ನಯಾಸಿನ್ ಎನ್ನುವ ಬಿ ವಿಟಮಿನ್ ಕೋಳಿಮರಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಬೇಕು. ಸಾಲದಿದ್ದರೆ ಎರಡನೇ ವಾರದಲ್ಲಿ ಕಾಲು ಬಾಗುತ್ತದೆ, ಕುಂಟುತ್ತದೆ. ಔಷಧಿ ಬೆರೆಸದ ಕೋಳಿಮರಿ ಸ್ಟಾರ್ಟರ್ (ಎಳೆ ಮರಿಗಳ ತಯಾರಿ ಆಹಾರ) ಕೊಡಿ, ಜೊತೆಗೆ ಬ್ರೂವರ್ಸ್ ಯೀಸ್ಟ್ ಎನ್ನುವ ಹುದುಗಿನ ಪುಡಿ. ಅದು ಸಿಗದಿದ್ದರೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ನೀರಿಗೆ ಹಾಕುವ ಬಿ ಕಾಂಪ್ಲೆಕ್ಸ್ ಕೇಳಿ, ಎಷ್ಟು ಹಾಕಬೇಕೆಂದು ಅವರು ಹೇಳುತ್ತಾರೆ.

ಇನ್ನೊಂದು ವಿಷಯ ದಯವಿಟ್ಟು ನೆನಪಿಡಿ. ಮಳೆಗಾಲದಲ್ಲಿ ಬೂಸಲು ಹಿಡಿದ ತೌಡು, ಜೋಳ, ನೆಲಗಡಲೆ ಹಿಂಡಿ ಒಂದು ಚಿಟಿಕೆಯೂ ಬೇಡ. ಬೂಸಲಿನ ಅಫ್ಲಾಟಾಕ್ಸಿನ್ ವಿಷಕ್ಕೆ ಬಾತು ಮರಿ ಬೇಗ ಬಲಿಯಾಗುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು, ಬಾತು ಮರಿಗಳೂ ಸತ್ತವು. ಕಾರಣ ಬೂಸಲು ಹಿಡಿದ ನೆಲಗಡಲೆ ಹಿಂಡಿ. ಈ ವಿಷದ ಪತ್ತೆ ಆದದ್ದೇ ಆಗ.

ಮಲ್ಪೆ_ಬೋಟ್ · ಜುಲೈ 25
ಬೂತಾಯಿ ಮೀನು ಬೇಯಿಸಿ ಮುಳ್ಳು ತೆಗೆದು ಕೊಡಬಹುದಲ್ಲ ಡಾಕ್ಟ್ರೇ? ಇಲ್ಲ ಒಣಮೀನಿನ ಹುಡಿ?

ಹಳ್ಳಿ_ಡಾಕ್ಟ್ರು · ಜುಲೈ 25
ಬೂತಾಯಿ ಉಪ್ಪು ಹಾಕದೆ ಬೇಯಿಸಿ ಸ್ವಲ್ಪ ಕೊಡಿ, ಅದರಲ್ಲಿ ನಯಾಸಿನ್ ಚೆನ್ನಾಗಿ ಉಂಟು. ಮನೆಯ ಒಣಮೀನು ಬೇಡವೇ ಬೇಡ. ಮರಿಗೆ ಅಷ್ಟು ಉಪ್ಪು ವಿಷ.

ಹೆಬ್ರಿ_ಗುಡ್ಡೆ · ಜುಲೈ 26
ಚಿಕ್ಕಪ್ಪ ಮತ್ತೆ ಕೇರಳ ಕಡೆಯಿಂದ ಬಾತು ತಂದರೆ ನೇರ ಇವುಗಳ ಜೊತೆ ಬಿಡಬೇಡಿ. ಆಲಪ್ಪುಳ, ಕೋಟ್ಟಯಂ ಕಡೆ 2014ರಲ್ಲೂ 2021ರಲ್ಲೂ ಬಾತುಗಳಿಗೆ ಹಕ್ಕಿಜ್ವರ ಬಂದಿತ್ತು. ಮೂರ್ನಾಲ್ಕು ವಾರ ಬೇರೆ ಇಟ್ಟು ನೋಡಿ.

ಹೊಳೆಬದಿ_ಕೆಮ್ಮಣ್ಣು · ಆಗಸ್ಟ್ 9
ಏಳೂ ಹೇಂಟೆಯ ಹಿಂದೆ ಓಡಾಡುತ್ತಿವೆ. ಕಾಲು ಗಟ್ಟಿ ಉಂಟು. ನಿನ್ನೆ ಮಳೆ ಬಿಟ್ಟಾಗ ಅಂಗಳದ ಹೊಂಡದಲ್ಲಿ ನೀರು ನಿಂತಿತ್ತು. ಏಳೂ ಒಟ್ಟಿಗೆ ಇಳಿದವು. ಹೇಂಟೆ ದಡದಲ್ಲಿ ರೆಕ್ಕೆ ಬಡಿದುಕೊಂಡು ಆಚೆಗೊಮ್ಮೆ ಈಚೆಗೊಮ್ಮೆ ಓಡಿತು. ಅದರ ಕೂಗು ಕೇಳಿ ಪಕ್ಕದ ಮನೆಯವರೂ ಬಂದರು. ಕೊನೆಗೆ ತಾನೂ ನೀರಿಗೆ ಒಂದು ಕಾಲು ಇಟ್ಟಿತು. ನನಗೆ ಕಣ್ಣಲ್ಲಿ ನೀರು ಬಂತು.

ಶಿರ್ವ_ಹಟ್ಟಿ · ಆಗಸ್ಟ್ 9
ಹತ್ತು ನಿಮಿಷಕ್ಕಿಂತ ಜಾಸ್ತಿ ಬಿಡಬೇಡಿ. ಪುಕ್ಕ ಇನ್ನೂ ಬಂದಿಲ್ಲ, ಈಗ ಇರುವುದು ಬರೀ ತುಪ್ಪಳ. ಬಾತು ತಾಯಿ ಇದ್ದರೆ ಅದರ ಮೈಯ ಎಣ್ಣೆ ಮರಿಗೂ ತಾಗುತ್ತದೆ. ಕೋಳಿಯಿಂದ ಅದು ಸಿಗುವುದಿಲ್ಲ. ತುಪ್ಪಳ ನೆನೆದು ಚಳಿ ಹಿಡಿಯುತ್ತದೆ. ಒರೆಸಿ ಬಿಸಿಗೆ ಇಡಿ.

ಬೆಳ್ಮಣ್_ಬೈಲು · ಆಗಸ್ಟ್ 9
ಆ ಹೇಂಟೆಗೆ ಒಂದು ಹಿಡಿ ಭತ್ತ ಜಾಸ್ತಿ ಹಾಕಿ ನನ್ನ ಲೆಕ್ಕದಲ್ಲಿ.

ಕಾರ್ಕಳ_ಕಲ್ಲು · ಆಗಸ್ಟ್ 10
ಅಕ್ಕ, ಗೂಡು ಸರಿ ಮಾಡಿಸಿದಿರಾ? ಒಮ್ಮೆ ರುಚಿ ಕಂಡ ಪ್ರಾಣಿ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಮರದ ಹಲಗೆ ಈ ಮಳೆಗೆ ನಿಲ್ಲುವುದಿಲ್ಲ.

ಹೊಳೆಬದಿ_ಕೆಮ್ಮಣ್ಣು · ಆಗಸ್ಟ್ 10
ಹಲಗೆ ತೆಗೆದು ಮೂರು ಬದಿಗೂ ಕೆಂಪು ಕಲ್ಲು ಕಟ್ಟಿಸಿದೆವು. ಮುಂದೆ ಸಣ್ಣ ಕಣ್ಣಿನ ಕಬ್ಬಿಣದ ಬಲೆ, ಅದನ್ನು ನೆಲದೊಳಗೆ ಒಂದಡಿ ಇಳಿಸಿದ್ದೇವೆ. ರಾತ್ರಿ ಬೀಗ ಹಾಕುವ ಕೆಲಸ ಮಗಳದ್ದು.

ಕಿನ್ನಿಗೋಳಿ_ಅಮ್ಮ · ಆಗಸ್ಟ್ 11
ಮಸ್ಕೋವಿ ಹಾರುತ್ತದೆ, ಮರೆಯಬೇಡಿ. ದೊಡ್ಡದಾದ ಮೇಲೆ ಒಂದು ಬದಿಯ ರೆಕ್ಕೆ ಗರಿ ಕತ್ತರಿಸಬೇಕು. ಗಂಡು ಮರಿ ಬೇಗ ಬೇಗ ದೊಡ್ಡದಾಗುತ್ತದೆ, ಎರಡು ತಿಂಗಳಲ್ಲಿ ಗೊತ್ತಾಗುತ್ತದೆ. ಗಂಡು ಜಾಸ್ತಿ ಇದ್ದರೆ ಒಂದು ನನಗೆ ಇರಲಿ. ನನ್ನಲ್ಲಿ ಐದು ಹೆಣ್ಣು ಉಂಟು. ಕೊಯ್ಯಲಿಕ್ಕೆ ಅಲ್ಲ, ಸಾಕಲಿಕ್ಕೆ.

ಹೊಳೆಬದಿ_ಕೆಮ್ಮಣ್ಣು · ಆಗಸ್ಟ್ 11
ಮಗಳನ್ನು ಕೇಳಿದೆ. ಕೊಡುತ್ತಾಳಂತೆ. ಆದರೆ 38 ಗಂಟೆ ಕಾಯಿಸಿದ್ದು ಇದೆಯಲ್ಲ, ಅದನ್ನು ಮಾತ್ರ ಕೊಡುವುದಿಲ್ಲವಂತೆ.